ಬ್ಯಾಡಗಿಯ ಕಣಕ್ಕೆ ಮಳೆಯ ಮುನ್ಸೂಚನೆ ಹೊತ್ತಿಗೆ ಮುಟ್ಟುವುದು ಹೇಗೆ?
ನಿಗದಿತ ವೇಳೆಗೆ ಒಟ್ಟಾಗಿ ಲೆಕ್ಕ ಹಾಕುವ ಸಾವಿರಾರು ಕಂಪ್ಯೂಟರ್‌ಗಳ ಕಾರ್ಯವಿಧಾನ

ಹಾವೇರಿ: ಕಣದಲ್ಲಿ ಹರಡಿದ ಕೆಂಪು ಮೆಣಸಿನಕಾಯಿಯ ಮೇಲೆ ಒಂದು ಹದ ಮಳೆ ಸುರಿದರೆ ಸಾಕು, ಬಣ್ಣ ಕಳೆಗುಂದುತ್ತದೆ, ಬೂಷ್ಟು ಹಿಡಿಯುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದೇ ಅದರ ಬಣ್ಣಕ್ಕೆ. ಖಾರ ಕಡಿಮೆ, ಕೆಂಪು ಹೆಚ್ಚು ಎಂಬ ಈ ಗುಣದಿಂದಲೇ ಅದಕ್ಕೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಬಣ್ಣ ತೆಗೆಯುವ ಕಾರ್ಖಾನೆಗಳು ದೂರದೂರದಿಂದ ಈ ಮಾರುಕಟ್ಟೆಗೆ ಬರುವುದೂ ಇದೇ ಕಾರಣಕ್ಕೆ. ಹೀಗಾಗಿ ಸಂಜೆಗೆ ಮಳೆ ಬರಲಿದೆ ಎಂಬ ಸುದ್ದಿ ಮಧ್ಯಾಹ್ನ ಊಟದ ಹೊತ್ತಿಗೆ ತಲುಪಿದರೆ ರೈತ ತಾಡಪಾಲು ಹೊದಿಸಿ ವರ್ಷದ ದುಡಿಮೆಯನ್ನು ಉಳಿಸಿಕೊಳ್ಳುತ್ತಾನೆ. ಅದೇ ಸುದ್ದಿ ಸಂಜೆ ಆರಕ್ಕೆ ಬಂದರೆ ಅದರಿಂದ ಯಾವ ಪ್ರಯೋಜನವೂ ಇಲ್ಲ.

2021ರ ನವೆಂಬರ್ ತಿಂಗಳಿನಲ್ಲಿ ರಾಜ್ಯದ ಹಲವು ಜಿಲ್ಲೆಗಳಲ್ಲಿ ಸುರಿದ ಅಕಾಲಿಕ ಮಳೆ, ಕೊಯ್ಲಿಗೆ ಬಂದಿದ್ದ ಬೆಳೆಗಳನ್ನು ಹಾಳುಗೆಡವಿದ್ದು ರೈತರ ನೆನಪಿನಿಂದ ಇನ್ನೂ ಮಾಸಿಲ್ಲ. ಹವಾಮಾನದ ಮುನ್ಸೂಚನೆ ಸರಿಯಾಗಿದ್ದರೆ ಸಾಲದು, ಅದು ವೇಳೆಗೆ ಸರಿಯಾಗಿ ಬರಬೇಕು. ಈ ವೇಳೆಯ ಪ್ರಶ್ನೆಯ ಹಿಂದೆ ಕಂಪ್ಯೂಟರ್ ಶಾಸ್ತ್ರದ ಸ್ವಾರಸ್ಯಕರ ವಿಷಯವೊಂದು ಅಡಗಿದೆ. ಸಾವಿರಾರು ಕಂಪ್ಯೂಟರ್‌ಗಳು ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡುವುದಕ್ಕೆ 'ಸಮಾಂತರ ಗಣನೆ' ಎಂದು ಹೆಸರು. ಅಂಥ ಲೆಕ್ಕವನ್ನು ಪ್ರತಿದಿನ ಗೊತ್ತುಪಡಿಸಿದ ವೇಳೆಗೆ, ಯಾರೂ ಗುಂಡಿ ಒತ್ತದೆ, ತಾನಾಗಿ ಆರಂಭಿಸಿ ಗಡುವಿನೊಳಗೆ ಮುಗಿಸುವ ವ್ಯವಸ್ಥೆಯೇ ಇಲ್ಲಿನ ಮುಖ್ಯ ಸಂಗತಿ.

ತುಂಬು ಬಿಡಿಸುವ ಕೆಲಸದ ಉದಾಹರಣೆ

ಸಮಾಂತರ ಗಣನೆಯ ಮೂಲತತ್ತ್ವವನ್ನು ತಿಳಿಯಲು ಬ್ಯಾಡಗಿಗಿಂತ ತಕ್ಕ ಊರು ಮತ್ತೊಂದಿಲ್ಲ. ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಕೆಲಸದಲ್ಲಿ ಇಲ್ಲಿ ಸಾಲುಸಾಲಾಗಿ ಮಹಿಳೆಯರು ಕುಳಿತಿರುತ್ತಾರೆ. ಒಬ್ಬರ ಮುಂದಿನ ರಾಶಿಗೂ ಪಕ್ಕದವರ ರಾಶಿಗೂ ಸಂಬಂಧವಿಲ್ಲ. ಹತ್ತು ಮಂದಿ ಇದ್ದ ಕಡೆ ಇಪ್ಪತ್ತು ಮಂದಿ ಕುಳಿತರೆ ಕೆಲಸ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ಹೀಗೆ ಪರಸ್ಪರ ಅವಲಂಬನೆ ಇಲ್ಲದ ಲೆಕ್ಕಗಳು ಸಮಾಂತರ ಗಣನೆಗೆ ಅತ್ಯಂತ ಸುಲಭದ ತುತ್ತು.

ಕೃಷಿ ಉತ್ಪನ್ನ ಮಾರುಕಟ್ಟೆಯ ಇ-ಟೆಂಡರ್ ಲೆಕ್ಕವೂ ಇದೇ ಜಾತಿಗೆ ಸೇರಿದ್ದು. ಪ್ರತಿ ರಾಶಿಗೂ ಒಂದು ಲಾಟ್ ಸಂಖ್ಯೆ ಕೊಡಲಾಗುತ್ತದೆ. ಖರೀದಿದಾರರು ಮಾಲು ನೋಡಿ ತಮ್ಮ ದರ ನಮೂದಿಸುತ್ತಾರೆ. ನಿಗದಿತ ವೇಳೆ ಮುಗಿದ ಕೂಡಲೇ ದರ ನಮೂದಿಸುವ ಅವಕಾಶ ಮುಚ್ಚಿ, ಆಯಾ ಲಾಟಿಗೆ ಬಂದ ಅತ್ಯಧಿಕ ದರವನ್ನು ಕಂಪ್ಯೂಟರ್ ಹುಡುಕಿ ತೆಗೆಯುತ್ತದೆ. ಒಂದು ಲಾಟಿನ ಫಲಿತಾಂಶಕ್ಕೆ ಇನ್ನೊಂದರ ಹಂಗಿಲ್ಲ. ಆದ್ದರಿಂದ ಸಾವಿರಾರು ಲಾಟುಗಳನ್ನು ಏಕಕಾಲಕ್ಕೆ ಹಂಚಿ ಲೆಕ್ಕ ಹಾಕಲು ಯಾವ ಅಡ್ಡಿಯೂ ಇಲ್ಲ.

ಆದರೆ ಎಲ್ಲ ಕೆಲಸಗಳೂ ಹೀಗೆ ಹಂಚಿಕೆಗೆ ಒಗ್ಗುವುದಿಲ್ಲ. ಒಂದು ಅಂಗಡಿಯ ಮಾಲಿಗೆ ಒಟ್ಟು 100 ಗಂಟೆಗಳ ಕೆಲಸವಿದೆ ಎಂದು ಭಾವಿಸೋಣ. ಅದರಲ್ಲಿ 95 ಗಂಟೆ ತುಂಬು ಬಿಡಿಸುವುದು, ಉಳಿದ 5 ಗಂಟೆ ಇರುವ ಒಂದೇ ತಕ್ಕಡಿಯಲ್ಲಿ ತೂಗುವುದು. ಐದು ಮಂದಿ ಕುಳಿತರೆ 19 ಗಂಟೆಯಲ್ಲಿ ತುಂಬು ಬಿಡಿಸಿ, 5 ಗಂಟೆ ತೂಗಿ, 24 ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಹತ್ತೊಂಬತ್ತು ಮಂದಿ ಇದ್ದರೆ 10 ಗಂಟೆ. ತೊಂಬತ್ತೈದು ಮಂದಿ ಇದ್ದರೂ 6 ಗಂಟೆ ಬೇಕೇ ಬೇಕು. ಊರಿನವರೆಲ್ಲ ಬಂದು ಕುಳಿತರೂ 5 ಗಂಟೆಗಿಂತ ಕೆಳಗಿಳಿಯಲು ಸಾಧ್ಯವಿಲ್ಲ, ಏಕೆಂದರೆ ತಕ್ಕಡಿ ಒಂದೇ. ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್ಡಾಲ್ 1967ರಲ್ಲಿ ಮಂಡಿಸಿದ ವಾದದ ಸಾರ ಇಷ್ಟೇ. ಹಂಚಲಾಗದ ಕೆಲಸ ನೂರಕ್ಕೆ ಐದರಷ್ಟಿದ್ದರೆ, ಎಷ್ಟೇ ಯಂತ್ರ ಕೂಡಿಸಿದರೂ ವೇಗ 20 ಪಟ್ಟಿಗಿಂತ ಹೆಚ್ಚಲಾರದು. 'ಆಮ್ಡಾಲ್ ನಿಯಮ' ಎಂದು ಇದು ಪ್ರಸಿದ್ಧ.

ಅರವತ್ತನಾಲ್ಕು ಸಾವಿರ ಲೆಕ್ಕಿಗರ ಕನಸು

ಹವಾಮಾನದ ಲೆಕ್ಕ ಇನ್ನೊಂದು ಬಗೆಯದು. ಭೂಮಂಡಲದ ವಾತಾವರಣವನ್ನು ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದ ಉಷ್ಣತೆ, ಒತ್ತಡ, ಗಾಳಿ, ತೇವಾಂಶಗಳು ಮುಂದಿನ ಕೆಲವು ನಿಮಿಷಗಳಲ್ಲಿ ಹೇಗೆ ಬದಲಾಗುತ್ತವೆ ಎಂದು ಭೌತಶಾಸ್ತ್ರದ ಸಮೀಕರಣಗಳಿಂದ ಲೆಕ್ಕ ಹಾಕಲಾಗುತ್ತದೆ. ಒಂದು ಚೌಕದ ಗಾಳಿ ಪಕ್ಕದ ಚೌಕಕ್ಕೆ ಬೀಸುತ್ತದೆ. ಹೀಗಾಗಿ ಪ್ರತಿ ಹೆಜ್ಜೆಗೂ ಲೆಕ್ಕಿಗರು ನೆರೆಯವರೊಂದಿಗೆ ಸಂಖ್ಯೆಗಳನ್ನು ವಿನಿಮಯ ಮಾಡಿಕೊಳ್ಳಬೇಕು. ಒಬ್ಬ ಹಿಂದೆ ಬಿದ್ದರೆ ಎಲ್ಲರೂ ಅವನಿಗಾಗಿ ಕಾಯಬೇಕು.

ಈ ಚಿತ್ರವನ್ನು ಕಂಪ್ಯೂಟರ್ ಹುಟ್ಟುವ ಮೊದಲೇ ಬ್ರಿಟನ್ನಿನ ವಿಜ್ಞಾನಿ ಲೂಯಿಸ್ ಫ್ರೈ ರಿಚರ್ಡ್‌ಸನ್ ಕಲ್ಪಿಸಿಕೊಂಡಿದ್ದರು. 1922ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ದೊಡ್ಡ ಸಭಾಮಂದಿರವೊಂದನ್ನು ವರ್ಣಿಸುತ್ತಾರೆ. ಅಲ್ಲಿ 64,000 ಮಂದಿ ಲೆಕ್ಕಿಗರು ಭೂಮಂಡಲದ ತಮ್ಮ ತಮ್ಮ ಭಾಗದ ಹವಾಮಾನವನ್ನು ಲೆಕ್ಕ ಹಾಕುತ್ತಾರೆ. ನಡುವಿನ ಎತ್ತರದ ಪೀಠದಲ್ಲಿ ನಿಂತ ಮೇಲ್ವಿಚಾರಕ, ಬೇಗ ಸಾಗುತ್ತಿರುವವರ ಮೇಲೆ ಒಂದು ಬಣ್ಣದ ಬೆಳಕನ್ನೂ ಹಿಂದುಳಿದವರ ಮೇಲೆ ಇನ್ನೊಂದು ಬಣ್ಣದ ಬೆಳಕನ್ನೂ ಬೀರಿ ಎಲ್ಲರನ್ನೂ ಸಮಗತಿಯಲ್ಲಿ ನಡೆಸುತ್ತಾನೆ.

ರಿಚರ್ಡ್‌ಸನ್ ಅವರೇ ಸ್ವತಃ ಒಂದು ಲೆಕ್ಕ ಮಾಡಿ ನೋಡಿದ್ದರು. 1910ರ ಮೇ 20ರಂದು ಮಧ್ಯ ಯುರೋಪಿನ ಹವಾಮಾನ ಆರು ಗಂಟೆಗಳ ಅವಧಿಯಲ್ಲಿ ಹೇಗೆ ಬದಲಾಯಿತು ಎಂಬುದನ್ನು ಕೈಯಲ್ಲಿ ಲೆಕ್ಕ ಹಾಕಲು ಅವರಿಗೆ ಸುಮಾರು ಆರು ವಾರ ಹಿಡಿಯಿತು. ಬಂದ ಉತ್ತರವೂ ತೀರ ತಪ್ಪಾಗಿತ್ತು. 1950ರಲ್ಲಿ ಅಮೆರಿಕದ ಎನಿಯಾಕ್ ಕಂಪ್ಯೂಟರಿನಲ್ಲಿ ಮೊದಲ ಯಶಸ್ವಿ ಪ್ರಯೋಗ ನಡೆದಾಗ 24 ಗಂಟೆಗಳ ಮುನ್ಸೂಚನೆಯನ್ನು ಸಿದ್ಧಪಡಿಸಲು ಹೆಚ್ಚುಕಡಿಮೆ 24 ಗಂಟೆಗಳೇ ಬೇಕಾದವು. ನಾಳಿನ ಹವಾಮಾನ ನಾಳೆ ತಿಳಿಯಿತು ಎಂಬಂತಹ ಸ್ಥಿತಿ. ಲೆಕ್ಕ ಗಾಳಿಗಿಂತ ವೇಗವಾಗಿ ಓಡಿದರೆ ಮಾತ್ರ ಅದು ಮುನ್ಸೂಚನೆ.

ಭಾರತದ ಯಂತ್ರಗಳು

ದೇಶದಲ್ಲಿ ಈ ಕೆಲಸಕ್ಕೆ 1988ರಲ್ಲಿ ರಾಷ್ಟ್ರೀಯ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರ ಸ್ಥಾಪನೆಯಾಯಿತು. ಅದಕ್ಕಾಗಿ ಅಮೆರಿಕದಿಂದ ಕ್ರೇ ಸೂಪರ್ ಕಂಪ್ಯೂಟರ್ ತರಿಸಲಾಯಿತು. ಅದೇ 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಸಂಸ್ಥೆ ಆರಂಭಗೊಂಡು, ವಿಜಯ್ ಭಟ್ಕರ್ ಅವರ ನೇತೃತ್ವದಲ್ಲಿ 1991ರಲ್ಲಿ ದೇಶೀಯ 'ಪರಮ್ 8000' ಸಿದ್ಧವಾಯಿತು. ಅನೇಕ ಸಾಮಾನ್ಯ ಸಂಸ್ಕಾರಕಗಳನ್ನು ಕೂಡಿಸಿ ಒಂದು ದೊಡ್ಡ ಯಂತ್ರದ ಕೆಲಸ ತೆಗೆಯುವ ಸಮಾಂತರ ಮಾರ್ಗವನ್ನೇ ಅದು ಹಿಡಿದಿತ್ತು.

2018ರ ಜನವರಿಯಲ್ಲಿ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಗೆ 4 ಪೆಟಾಫ್ಲಾಪ್ ಸಾಮರ್ಥ್ಯದ 'ಪ್ರತ್ಯೂಷ್', ನೋಯ್ಡಾದ ಮಧ್ಯಮಾವಧಿ ಕೇಂದ್ರಕ್ಕೆ 2.8 ಪೆಟಾಫ್ಲಾಪ್ ಸಾಮರ್ಥ್ಯದ 'ಮಿಹಿರ್' ಬಂದವು. 2024ರ ಸೆಪ್ಟೆಂಬರ್ 26ರಂದು ಇವೇ ಎರಡು ಸಂಸ್ಥೆಗಳಲ್ಲಿ ಕ್ರಮವಾಗಿ 11.77 ಪೆಟಾಫ್ಲಾಪ್‌ನ 'ಅರ್ಕ' ಮತ್ತು 8.24 ಪೆಟಾಫ್ಲಾಪ್‌ನ 'ಅರುಣಿಕಾ' ಲೋಕಾರ್ಪಣೆಗೊಂಡವು. ಒಂದು ಪೆಟಾಫ್ಲಾಪ್ ಎಂದರೆ ಸೆಕೆಂಡಿಗೆ, 1ರ ಮುಂದೆ 15 ಸೊನ್ನೆ ಹಾಕಿದಷ್ಟು ಲೆಕ್ಕ.

ಇಷ್ಟೊಂದು ಸಾಮರ್ಥ್ಯ ಬೇಕೇ ಎಂಬ ಪ್ರಶ್ನೆಗೆ ಹಾವೇರಿ ಜಿಲ್ಲೆಯನ್ನೇ ಇಟ್ಟುಕೊಂಡು ಉತ್ತರಿಸಬಹುದು. ಜಿಲ್ಲೆಯ ವಿಸ್ತೀರ್ಣ ಸುಮಾರು 4,800 ಚದರ ಕಿಲೋಮೀಟರ್. 12 ಕಿ.ಮೀ. ಅಳತೆಯ ಚೌಕಗಳಲ್ಲಿ ಹಂಚಿದರೆ ಇಡೀ ಜಿಲ್ಲೆಗೆ ಸಿಗುವುದು ಸುಮಾರು 33 ಚೌಕ. ಹಾವೇರಿಗೂ ರಾಣೆಬೆನ್ನೂರಿಗೂ ನಡುವೆ ಎರಡು ಮೂರು ಚೌಕಗಳಷ್ಟೇ ಅಂತರ. ಒಂದೇ ಚೌಕದೊಳಗೆ ಬಿದ್ದ ಊರುಗಳಲ್ಲಿ ಯಾವುದಕ್ಕೆ ಮಳೆ, ಯಾವುದಕ್ಕೆ ಬಿಸಿಲು ಎಂದು ಬೇರ್ಪಡಿಸಿ ಹೇಳುವುದು ಆ ಲೆಕ್ಕಕ್ಕೆ ಆಗದ ಮಾತು. 2025ರ ಮೇ 26ರಂದು ಆರಂಭಗೊಂಡ 'ಭಾರತ್ ಮುನ್ಸೂಚನಾ ವ್ಯವಸ್ಥೆ'ಯಲ್ಲಿ ಚೌಕದ ಅಳತೆ 6 ಕಿ.ಮೀ. ಆಗಿದೆ. ಆಗ ಜಿಲ್ಲೆಗೆ ಸುಮಾರು 133 ಚೌಕಗಳು ಸಿಗುತ್ತವೆ.

ಚೌಕದ ಬದಿ ಅರ್ಧವಾದರೆ ಚೌಕಗಳ ಸಂಖ್ಯೆ ನಾಲ್ಕು ಪಟ್ಟಾಗುತ್ತದೆ. ಅಷ್ಟಕ್ಕೇ ಮುಗಿಯದು. ಚಿಕ್ಕ ಚೌಕವನ್ನು ಗಾಳಿ ಬೇಗ ದಾಟುವುದರಿಂದ ಲೆಕ್ಕದ ಕಾಲದ ಹೆಜ್ಜೆಯನ್ನೂ ಅರ್ಧಕ್ಕೆ ಇಳಿಸಬೇಕು. ಹೀಗಾಗಿ ಲೆಕ್ಕದ ಭಾರ ಸುಮಾರು ಎಂಟು ಪಟ್ಟು ಏರುತ್ತದೆ. 'ಪ್ರತ್ಯೂಷ್' ಯಂತ್ರದಲ್ಲಿ ಮಾದರಿಯನ್ನು ಓಡಿಸಲು 10 ಗಂಟೆಯವರೆಗೆ ಹಿಡಿಯುತ್ತಿದ್ದ ಕೆಲಸ 'ಅರ್ಕ'ದಲ್ಲಿ ಸುಮಾರು 4 ಗಂಟೆಗೆ ಇಳಿದಿದೆ ಎಂದು ಪುಣೆಯ ಸಂಸ್ಥೆಯ ವಿಜ್ಞಾನಿಗಳು ತಿಳಿಸಿದ್ದಾರೆ.

ಬೆಳಗಿನ ಐದೂವರೆಯ ಮಹತ್ವ

ಜಗತ್ತಿನೆಲ್ಲೆಡೆ ಹವಾಮಾನ ಕೇಂದ್ರಗಳು ಒಂದೇ ಗಡಿಯಾರವನ್ನು ಅನುಸರಿಸುತ್ತವೆ. ಅದು ಸಾರ್ವತ್ರಿಕ ಕಾಲಮಾನ. ಅದರ ಪ್ರಕಾರ ಸೊನ್ನೆ ಗಂಟೆ ಎಂದರೆ ನಮ್ಮಲ್ಲಿ ಬೆಳಗಿನ 5.30. ಅದರ ಹನ್ನೆರಡು ಗಂಟೆ ನಮಗೆ ಸಂಜೆಯ 5.30. ಈ ಎರಡು ವೇಳೆಗಳಿಗೆ ಹೊಂದಿಕೊಂಡು ಜಗತ್ತಿನ ನೂರಾರು ಕಡೆ ವಾತಾವರಣದ ಮೇಲ್‌ಸ್ತರವನ್ನು ಅಳೆಯುವ ಬಲೂನುಗಳನ್ನು ಹಾರಿಬಿಡುತ್ತಾರೆ. ಉಪಗ್ರಹ, ಹಡಗು, ವಿಮಾನ ಮತ್ತು ನೆಲದ ವೀಕ್ಷಣಾಲಯಗಳ ಅಂಕಿಗಳೂ ಸೇರುತ್ತವೆ.

ಎಲ್ಲ ಅಂಕಿಗಳೂ ತಕ್ಷಣ ಬಂದು ಸೇರುವುದಿಲ್ಲ. ಕೆಲವು ನಿಮಿಷದಲ್ಲಿ, ಕೆಲವು ಗಂಟೆಗಳ ಬಳಿಕ ಬರುತ್ತವೆ. ಆದ್ದರಿಂದ ಕೇಂದ್ರಗಳು ಒಂದು ಗಡುವನ್ನು ಇಟ್ಟುಕೊಂಡಿರುತ್ತವೆ. ಟೆಂಡರ್ ಮುಚ್ಚಿದ ಮೇಲೆ ಬಂದ ದರ ಲೆಕ್ಕಕ್ಕೆ ಸಿಗದಂತೆ, ಗಡುವು ಮೀರಿ ಬಂದ ಅಂಕಿಯೂ ಆ ಸರದಿಯ ಲೆಕ್ಕಕ್ಕೆ ಸೇರದು. ಗಡುವನ್ನು ಸಡಿಲಿಸಿದರೆ ಮಾಹಿತಿ ಹೆಚ್ಚು ಸಿಗುತ್ತದೆ, ಫಲಿತಾಂಶ ತಡವಾಗುತ್ತದೆ. ಬಿಗಿಗೊಳಿಸಿದರೆ ಫಲಿತಾಂಶ ಬೇಗ ಬರುತ್ತದೆ, ನಿಖರತೆ ಕುಂದುತ್ತದೆ.

ಉದಾಹರಣೆಗೆ ಬೆಳಗಿನ ಅಂಕಿಗಳಿಗೆ 8.30ರ ಗಡುವು ಇಟ್ಟು ಆಗ ಲೆಕ್ಕ ಆರಂಭಿಸಿದರೆ, 10 ಗಂಟೆ ಹಿಡಿಯುವ ಯಂತ್ರ ಸಂಜೆ 6.30ಕ್ಕೆ ಉತ್ತರ ಕೊಡುತ್ತದೆ. 4 ಗಂಟೆಯ ಯಂತ್ರ ಮಧ್ಯಾಹ್ನ 12.30ಕ್ಕೆ ಕೊಡುತ್ತದೆ. ಬೇಸಿಗೆಯ ಗುಡುಗು ಮಳೆ ನಮ್ಮ ಕಡೆ ಬಹುಮಟ್ಟಿಗೆ ಸಂಜೆಯ ಮುಂಚೂಣಿಯಲ್ಲಿ ಬರುವುದನ್ನು ನೆನೆದರೆ, ಈ ಆರು ತಾಸುಗಳ ಬೆಲೆ ಕಣದಲ್ಲಿ ಮಾಲು ಹರಡಿದವರಿಗೆ ತಾನಾಗಿ ಅರ್ಥವಾಗುತ್ತದೆ.

ಗಡಿಯಾರ ನೋಡಿ ಎಬ್ಬಿಸುವ 'ಕ್ರಾನ್'

ಹಾಗಾದರೆ ನಿಗದಿತ ವೇಳೆಗೆ ಕಂಪ್ಯೂಟರನ್ನು ಕೆಲಸಕ್ಕೆ ಹಚ್ಚುವವರು ಯಾರು? ಯುನಿಕ್ಸ್ ಮತ್ತು ಲಿನಕ್ಸ್ ವ್ಯವಸ್ಥೆಗಳಲ್ಲಿ ಈ ಹೊಣೆ 'ಕ್ರಾನ್' ಎಂಬ ಚಿಕ್ಕ ತಂತ್ರಾಂಶದ್ದು. 1970ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡ ಇದರ ಹೆಸರಿಗೆ ಕಾಲ ಎಂಬ ಅರ್ಥದ ಗ್ರೀಕ್ ಪದ ಮೂಲ. ಹಿನ್ನೆಲೆಯಲ್ಲಿ ಸದಾ ಎಚ್ಚರವಿದ್ದು, ಪ್ರತಿ ನಿಮಿಷಕ್ಕೊಮ್ಮೆ ತನ್ನ ಪಟ್ಟಿಯನ್ನು ತಿರುವಿ ನೋಡಿ, ಆ ನಿಮಿಷಕ್ಕೆ ಗೊತ್ತುಪಡಿಸಿದ ಕೆಲಸವಿದ್ದರೆ ಆರಂಭಿಸುವುದು ಅದರ ಕರ್ತವ್ಯ.

ಪಟ್ಟಿಯ ಪ್ರತಿ ಸಾಲಿನಲ್ಲಿ ಮೊದಲು ಐದು ಅಂಕಣಗಳಿರುತ್ತವೆ. ಕ್ರಮವಾಗಿ ನಿಮಿಷ, ಗಂಟೆ, ತಾರೀಖು, ತಿಂಗಳು ಮತ್ತು ವಾರ. ನಕ್ಷತ್ರ ಚಿಹ್ನೆ ಹಾಕಿದರೆ 'ಯಾವುದಾದರೂ ಸರಿ' ಎಂದರ್ಥ. '30 8 * * *' ಎಂದು ಬರೆದರೆ ಪ್ರತಿದಿನ ಬೆಳಿಗ್ಗೆ 8.30ಕ್ಕೆ ಎಂದಾಯಿತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವಹಿವಾಟು ನಡೆಯುವುದು ಸೋಮವಾರ ಮತ್ತು ಗುರುವಾರ. ಭಾನುವಾರವನ್ನು ಸೊನ್ನೆ ಎಂದೆಣಿಸಿದರೆ ಅವು 1 ಮತ್ತು 4. ಹಾಗಾಗಿ '0 15 * * 1,4' ಎಂಬ ಸಾಲು ಮಾರುಕಟ್ಟೆ ದಿನಗಳಂದು ಮಾತ್ರ ಮಧ್ಯಾಹ್ನ 3 ಗಂಟೆಗೆ ಕೆಲಸವನ್ನು ಎಬ್ಬಿಸುತ್ತದೆ.

ಇಲ್ಲಿ ಎಡವುವವರು ಹಲವರು. ಯಂತ್ರದ ಗಡಿಯಾರ ಭಾರತೀಯ ಕಾಲಮಾನದಲ್ಲಿರದೆ ಸಾರ್ವತ್ರಿಕ ಕಾಲಮಾನದಲ್ಲಿದ್ದರೆ, '30 5' ಎಂದು ಬರೆದ ಕೆಲಸ ಬೆಳಗಿನ 5.30ಕ್ಕೆ ಏಳದೆ 11 ಗಂಟೆಗೆ ಏಳುತ್ತದೆ. ಗೊತ್ತಾದ ನಿಮಿಷದಲ್ಲಿ ವಿದ್ಯುತ್ ಇಲ್ಲದೆ ಯಂತ್ರ ನಿಂತಿದ್ದರೆ ಕ್ರಾನ್ ಆ ಕೆಲಸವನ್ನು ಬಿಟ್ಟೇಬಿಡುತ್ತದೆ, ವಿದ್ಯುತ್ ಬಂದ ಬಳಿಕ ನೆನಪಿಟ್ಟು ಮಾಡುವುದಿಲ್ಲ. ತಪ್ಪಿದ ಕೆಲಸವನ್ನು ಯಂತ್ರ ಎದ್ದ ಮೇಲೆ ಪೂರೈಸಲು 'ಅನಕ್ರಾನ್' ಎಂಬ ಬೇರೆ ಸಾಧನವಿದೆ. ವಿದ್ಯುತ್ ವ್ಯತ್ಯಯ ಸಾಮಾನ್ಯವಾಗಿರುವ ಊರುಗಳಲ್ಲಿ ಇದನ್ನು ಅರಿತಿರುವುದು ಒಳಿತು.

ಕೈಯಲ್ಲಿ ಓಡುವುದು, ಕ್ರಾನ್‌ನಲ್ಲಿ ಓಡದು

ಸಮಾಂತರ ಗಣನೆಯ ತಂತ್ರಾಂಶವನ್ನು ಕ್ರಾನ್‌ಗೆ ಒಪ್ಪಿಸಿದಾಗ ತೊಡಕು ಇನ್ನೂ ಹೆಚ್ಚು. ಇಂಥ ತಂತ್ರಾಂಶಗಳಲ್ಲಿ ಬಿಡಿ ಬಿಡಿ ಸಂಸ್ಕಾರಕಗಳು ಒಂದಕ್ಕೊಂದು ಸಂದೇಶ ಕಳುಹಿಸಲು ಬಳಸುವ ಸರ್ವಸಮ್ಮತ ಕ್ರಮಕ್ಕೆ 'ಎಂಪಿಐ' ಎಂದು ಹೆಸರು. ಅದರ ಮೊದಲ ಆವೃತ್ತಿ 1994ರಲ್ಲಿ ಹೊರಬಂತು. ಎಷ್ಟು ಪ್ರತಿಗಳು, ಯಾವ ಯಾವ ಯಂತ್ರಗಳಲ್ಲಿ ಏಕಕಾಲಕ್ಕೆ ಆರಂಭವಾಗಬೇಕು ಎಂಬುದನ್ನು 'ಎಂಪಿಐ ರನ್' ಎಂಬ ಆದೇಶ ತಿಳಿಸುತ್ತದೆ.

ವಿದ್ಯಾರ್ಥಿಯೊಬ್ಬ ಈ ಆದೇಶವನ್ನು ತನ್ನ ಕೈಯಿಂದ ನೀಡಿದಾಗ ಕೆಲಸ ಸುಸೂತ್ರವಾಗಿ ನಡೆಯುತ್ತದೆ. ಅದೇ ಸಾಲನ್ನು ಕ್ರಾನ್ ಪಟ್ಟಿಗೆ ಸೇರಿಸಿದರೆ ಮರುದಿನ ಬೆಳಿಗ್ಗೆ ಫಲಿತಾಂಶದ ಕಡತವೇ ಇರುವುದಿಲ್ಲ. ಕಾರಣ ಸರಳವಾದದ್ದು. ಮನುಷ್ಯ ಲಾಗಿನ್ ಆದಾಗ ಕಂಪ್ಯೂಟರ್ ಅವನಿಗಾಗಿ ಅನೇಕ ಸಿದ್ಧತೆಗಳನ್ನು ಮಾಡಿಕೊಡುತ್ತದೆ. ಯಾವ ತಂತ್ರಾಂಶ ಯಾವ ಕಡತಕೋಶದಲ್ಲಿದೆ, ಯಾವ ಗ್ರಂಥಾಲಯಗಳು ಬೇಕು, ಕೆಲಸ ಎಲ್ಲಿ ನಿಂತು ಮಾಡಬೇಕು ಎಂಬ ವಿವರಗಳು ತೆರೆಮರೆಯಲ್ಲಿ ತುಂಬಿಕೊಳ್ಳುತ್ತವೆ. ಕ್ರಾನ್ ಈ ಸಿದ್ಧತೆ ಇಲ್ಲದೆ ಬರಿಗೈಯಲ್ಲಿ ಕೆಲಸ ಆರಂಭಿಸುತ್ತದೆ. ಮನೆಯವರಿಗೆ ಡಬ್ಬಿ ಎಲ್ಲಿದೆ ಎಂಬುದು ಗೊತ್ತು, ಹೊಸಬನಿಗೆ ಪ್ರತಿಯೊಂದನ್ನೂ ಬಾಯಿಬಿಟ್ಟು ಹೇಳಬೇಕು.

ಇದಕ್ಕೆ ಪರಿಹಾರಗಳೂ ಸ್ಪಷ್ಟವಾಗಿವೆ. ಆದೇಶಗಳನ್ನೆಲ್ಲ ಒಂದು ಕಡತದಲ್ಲಿ ಬರೆದು, ಅದರ ಆರಂಭದಲ್ಲೇ ಬೇಕಾದ ವಿವರಗಳನ್ನು ತುಂಬಬೇಕು. ತಂತ್ರಾಂಶಗಳ ಪೂರ್ಣ ವಿಳಾಸ ನೀಡಬೇಕು. ಕೆಲಸದ ಕಡತಕೋಶಕ್ಕೆ ಮೊದಲು ಹೋಗುವಂತೆ ಸೂಚಿಸಬೇಕು. ಬೇರೆ ಯಂತ್ರಗಳಿಗೆ ಪ್ರವೇಶಿಸಲು ಗುಪ್ತಪದ ಕೇಳುವ ವ್ಯವಸ್ಥೆ ಇದ್ದರೆ ನಸುಕಿನಲ್ಲಿ ಅದನ್ನು ಒತ್ತುವವರು ಯಾರೂ ಇರುವುದಿಲ್ಲ. ಆದ್ದರಿಂದ ಕೀಲಿ ಆಧಾರಿತ ಪ್ರವೇಶವನ್ನು ಮೊದಲೇ ಅಣಿಗೊಳಿಸಬೇಕು. ದೋಷ ಸಂದೇಶಗಳು ಒಂದು ಕಡತದಲ್ಲಿ ದಾಖಲಾಗುವಂತೆ ಮಾಡಬೇಕು. ಇಲ್ಲವಾದರೆ ಕೆಲಸ ಏಕೆ ನಿಂತಿತು ಎಂಬ ಸುಳಿವೇ ಸಿಗದು.

ನಿನ್ನೆಯ ಲೆಕ್ಕ ಇನ್ನೂ ಮುಗಿಯದೆ ಇಂದಿನದು ಆರಂಭವಾದರೆ ಎರಡೂ ಒಂದೇ ಕಡತವನ್ನು ಕೆಡಿಸುವ ಅಪಾಯವೂ ಉಂಟು. ಅದಕ್ಕಾಗಿ 'ಬೀಗ' ಹಾಕುವ ರೂಢಿ ಇದೆ. ಕೆಲಸ ಆರಂಭವಾದಾಗ ಒಂದು ಗುರುತಿನ ಕಡತ ಇಟ್ಟು, ಮುಗಿದಾಗ ತೆಗೆಯುವುದು. ಗುರುತು ಇದ್ದರೆ ಮುಂದಿನದು ಹಿಂದೆ ಸರಿಯುತ್ತದೆ.

ಸರದಿಯ ಸಾಲನ್ನು ಕಾಯುವ ಕಾರ್ಯದರ್ಶಿ

ಒಂದೆರಡು ಯಂತ್ರಗಳಿಗೆ ಕ್ರಾನ್ ಸಾಕು. ನೂರಾರು ಸಂಶೋಧಕರು ಹಂಚಿಕೊಳ್ಳುವ ಸೂಪರ್ ಕಂಪ್ಯೂಟರಿಗೆ ಅದು ಸಾಲದು. 8.30ಕ್ಕೆ ಎಬ್ಬಿಸುವುದೇನೋ ಸರಿ, ಆ ಹೊತ್ತಿಗೆ ಯಂತ್ರದಲ್ಲಿ ಜಾಗ ಖಾಲಿ ಇರಬೇಕಲ್ಲ? ಇಂಥ ಕಡೆ ಸರದಿ ನಿರ್ವಹಿಸುವ ಪ್ರತ್ಯೇಕ ತಂತ್ರಾಂಶಗಳಿರುತ್ತವೆ. 1990ರ ದಶಕದಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾಗಾಗಿ ಬೆಳೆದ 'ಪಿಬಿಎಸ್', ಮುಂದಿನ ದಶಕದಲ್ಲಿ ಅಲ್ಲಿನ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಿಂದ ಬಂದ 'ಸ್ಲರ್ಮ್' ಇವುಗಳಲ್ಲಿ ಮುಖ್ಯವಾದವು.

ಕೆಲಸ ಒಪ್ಪಿಸುವವರು ಎರಡು ವಿಷಯಗಳನ್ನು ಮೊದಲೇ ಘೋಷಿಸಬೇಕು. ಎಷ್ಟು ಸಂಸ್ಕಾರಕಗಳು ಬೇಕು, ಎಷ್ಟು ಹೊತ್ತು ಬೇಕು. ಹೇಳಿದ ಹೊತ್ತು ಮೀರಿದರೆ ಕೆಲಸವನ್ನು ಅರ್ಧಕ್ಕೇ ನಿಲ್ಲಿಸಲಾಗುತ್ತದೆ. ಹೆದರಿ ವಿಪರೀತ ಹೊತ್ತು ಕೇಳಿದರೆ ಸರದಿಯಲ್ಲಿ ಕಾಯುವುದು ಹೆಚ್ಚುತ್ತದೆ.

ದೊಡ್ಡ ಕೆಲಸಕ್ಕೆ ಜಾಗ ತೆರವಾಗುವವರೆಗೆ ಯಂತ್ರದ ಒಂದಿಷ್ಟು ಭಾಗ ಸುಮ್ಮನಿರುತ್ತದೆ. ಅಷ್ಟರೊಳಗೆ ಮುಗಿಯಬಲ್ಲ ಚಿಕ್ಕ ಕೆಲಸ ಸರದಿಯ ಹಿಂದೆ ಇದ್ದರೆ ಅದನ್ನು ಮುಂದಕ್ಕೆ ಕರೆದು ಸೇರಿಸಲಾಗುತ್ತದೆ. ಲಾರಿಯಲ್ಲಿ ದೊಡ್ಡ ಚೀಲಗಳ ನಡುವಿನ ಸಂದಿಗೆ ಸಣ್ಣ ಗಂಟುಗಳನ್ನು ತುರುಕಿದ ಹಾಗೆ. ಇದರಿಂದ ಮುಂದಿನವನ ಸರದಿಗೆ ತೊಂದರೆಯಾಗುವುದಿಲ್ಲ, ಜಾಗವೂ ವ್ಯರ್ಥವಾಗುವುದಿಲ್ಲ.

ಹವಾಮಾನದಂಥ ತುರ್ತಿನ ಕೆಲಸಕ್ಕೆ ಮುಂಗಡ ಕಾಯ್ದಿರಿಸುವ ಕ್ರಮವಿದೆ. ಇಂತಿಷ್ಟು ಸಂಸ್ಕಾರಕಗಳು ದಿನವೂ 8.30ರಿಂದ 12.30ರವರೆಗೆ ಇದಕ್ಕೇ ಮೀಸಲು ಎಂದು ದಾಖಲಿಸಿದರೆ, ಆ ಅವಧಿಗೆ ಮುನ್ನ ಮುಗಿಯದ ಯಾವ ಕೆಲಸವನ್ನೂ ಸರದಿ ತಂತ್ರಾಂಶ ಅಲ್ಲಿ ಆರಂಭಿಸುವುದಿಲ್ಲ. 'ಇಂಥ ಹೊತ್ತಿಗೆ ಮೊದಲು ಆರಂಭಿಸಬೇಡ' ಎಂದು ಬಿಡಿ ಕೆಲಸಕ್ಕೂ ಸೂಚಿಸಬಹುದು. ಅನುಭವಿಗಳು ಎರಡನ್ನೂ ಸೇರಿಸಿ ಬಳಸುತ್ತಾರೆ. ಕ್ರಾನ್ ಹೊತ್ತಿಗೆ ಎದ್ದು ಕೆಲಸವನ್ನು ಸರದಿಗೆ ಒಪ್ಪಿಸುತ್ತದೆ, ಯಂತ್ರದಲ್ಲಿ ಎಲ್ಲಿ ಯಾವಾಗ ಓಡಿಸಬೇಕೆಂಬುದನ್ನು ಸರದಿ ತಂತ್ರಾಂಶ ನಿರ್ಧರಿಸುತ್ತದೆ. ಎಲ್ಲರೂ ಬಳಸುವ ಪ್ರವೇಶ ಯಂತ್ರದ ಮೇಲೆ ನೇರವಾಗಿ ಭಾರಿ ಲೆಕ್ಕ ಓಡಿಸುವುದು ಸಾಮಾನ್ಯವಾಗಿ ನಿಷಿದ್ಧ.

ಮುನ್ಸೂಚನೆ ಒಂದೇ ಲೆಕ್ಕದಿಂದ ಹುಟ್ಟುವುದೂ ಇಲ್ಲ. ಅಂಕಿ ಸಂಗ್ರಹ, ಶುದ್ಧೀಕರಣ, ಮುಖ್ಯ ಲೆಕ್ಕ, ನಕ್ಷೆ ರಚನೆ ಹೀಗೆ ಹಂತಗಳಿವೆ. ಇಲ್ಲಿ ಪ್ರತಿ ಹಂತಕ್ಕೂ ಗಡಿಯಾರದ ವೇಳೆ ಕೊಡುವುದು ಅಪಾಯಕಾರಿ, ಏಕೆಂದರೆ ಹಿಂದಿನ ಹಂತ ತಡವಾದರೆ ಮುಂದಿನದು ಅರೆಬೆಂದ ಅಂಕಿಗಳ ಮೇಲೆ ಕೆಲಸ ಮಾಡೀತು. ಆದ್ದರಿಂದ ಮೊದಲ ಹಂತಕ್ಕೆ ಮಾತ್ರ ವೇಳೆ ಗೊತ್ತುಪಡಿಸಿ, ಉಳಿದವಕ್ಕೆ 'ಹಿಂದಿನದು ಯಶಸ್ವಿಯಾಗಿ ಮುಗಿದ ಮೇಲೆ' ಎಂಬ ಷರತ್ತು ಹಾಕಲಾಗುತ್ತದೆ.

2018ರ ಜೂನ್‌ನಿಂದ ದೇಶದಲ್ಲಿ ಬಳಕೆಗೆ ಬಂದ ಸಮೂಹ ಮುನ್ಸೂಚನೆಯಲ್ಲಿ ಆರಂಭದ ಅಂಕಿಗಳನ್ನು ಅತ್ಯಲ್ಪ ಬದಲಿಸಿ ಒಂದೇ ಮಾದರಿಯನ್ನು 21 ಸಲ ಓಡಿಸಲಾಗುತ್ತದೆ. ಈ ಇಪ್ಪತ್ತೊಂದೂ ತುಂಬು ಬಿಡಿಸುವವರ ರಾಶಿಗಳಂತೆ ಪರಸ್ಪರ ಸ್ವತಂತ್ರ. ಅವುಗಳಲ್ಲಿ ಎಷ್ಟು ಮಳೆಯನ್ನು ತೋರಿಸಿದವು ಎಂಬುದರಿಂದ ಮಳೆಯ ಸಂಭವ ಎಷ್ಟೆಂದು ಅಂದಾಜು ಮಾಡಬಹುದು.

ಕೊನೆಯ ಮೈಲಿಯ ಪ್ರಶ್ನೆ

ಪುಣೆ, ನೋಯ್ಡಾಗಳ ಯಂತ್ರಗಳು ಹೊತ್ತಿಗೆ ಸರಿಯಾಗಿ ಲೆಕ್ಕ ಮುಗಿಸಿದರೂ ಅದು ಹೊಲಕ್ಕೆ ಮುಟ್ಟುವ ದಾರಿ ಬೇರೆ. ಕೃಷಿ ಹವಾಮಾನ ಸಲಹೆಗಳು ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಹೊರಬೀಳುತ್ತವೆ. 2019ರಲ್ಲಿ ಆರಂಭವಾದ 'ಮೇಘದೂತ್' ಮೊಬೈಲ್ ಆ್ಯಪ್‌ನಲ್ಲಿ ಅವು ಕನ್ನಡದಲ್ಲಿಯೂ ಲಭ್ಯ. ರಾಜ್ಯದ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ದೂರಸಂವೇದಿ ಮಳೆಮಾಪಕಗಳನ್ನು ಅಳವಡಿಸಿದೆ. 15 ನಿಮಿಷಕ್ಕೊಮ್ಮೆ ಅಂಕಿ ಕಳುಹಿಸುವ ಅವು ನಿಗದಿತ ವೇಳೆಯ ಗಣನೆಗೆ ಇನ್ನೊಂದು ಉದಾಹರಣೆ. ಅದೇ ಕೇಂದ್ರದ 'ವರುಣ ಮಿತ್ರ' ಸಹಾಯವಾಣಿಗೆ ಕರೆ ಮಾಡಿ ಮಳೆಯ ಮುನ್ಸೂಚನೆ ಕೇಳುವ ಅವಕಾಶವನ್ನೂ ರೈತರಿಗೆ ಕಲ್ಪಿಸಲಾಗಿದೆ.

ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅಧೀನದ ಕೃಷಿ ವಿಜ್ಞಾನ ಕೇಂದ್ರವಿದೆ. ಇಂಥ ಕೇಂದ್ರಗಳು ಅಂಕಿಗಳನ್ನು ರೈತರ ಭಾಷೆಗೆ ಇಳಿಸುವ ಕೊಂಡಿಗಳು. 'ನಾಳೆ ಇಷ್ಟು ಮಿಲಿಮೀಟರ್' ಎಂಬುದು 'ಇಂದು ಔಷಧಿ ಸಿಂಪಡಿಸಬೇಡಿ, ಒಣಗಿದ ಮಾಲು ಒಳಗೆ ಸೇರಿಸಿ' ಎಂದಾಗಬೇಕು. ದೇಶದ ವಿವಿಧೆಡೆ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ತೆರೆಯಲಾಗಿದ್ದ 199 ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು 2024ರಲ್ಲಿ ಮುಚ್ಚಿದಾಗ ಆಕ್ಷೇಪ ಕೇಳಿಬಂದದ್ದು ಇದಕ್ಕಾಗಿಯೇ. ಯಂತ್ರದ ವೇಗ ಹೆಚ್ಚಿದಷ್ಟೂ ಅದರ ಉತ್ತರವನ್ನು ಬಿಡಿಸಿ ಹೇಳುವ ಮನುಷ್ಯರ ಅಗತ್ಯ ಕಡಿಮೆಯಾಗುವುದಿಲ್ಲ.

ವೇಳೆ ಮತ್ತು ವಿಶ್ವಾಸ

2024ರ ಮಾರ್ಚ್ 11ರಂದು, ಸೋಮವಾರದ ವಹಿವಾಟಿನ ದಿನ, ದರ ಕುಸಿದುದರಿಂದ ಆಕ್ರೋಶಗೊಂಡವರು ಬ್ಯಾಡಗಿ ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿ, ವಾಹನಗಳಿಗೆ ಬೆಂಕಿ ಹಚ್ಚಿದ ಘಟನೆ ರಾಜ್ಯದ ಗಮನ ಸೆಳೆದಿತ್ತು. ಬೆಲೆ ಕುಸಿತಕ್ಕೆ ಕಂಪ್ಯೂಟರ್ ಕಾರಣವಲ್ಲ. ಅದು ಖರೀದಿದಾರರು ನಮೂದಿಸಿದ ದರಗಳಲ್ಲಿ ಹೆಚ್ಚಿನದನ್ನು ಹೆಕ್ಕಿ ಕೊಡುತ್ತದೆ ಅಷ್ಟೇ. ಬಂದ ದರ ಒಪ್ಪದಿದ್ದರೆ ಮಾಲು ಕೊಡದಿರುವ ಹಕ್ಕು ರೈತನಿಗಿದೆ. ಆದರೂ ಗಂಟೆಗಟ್ಟಲೆ ಕಾದು ನಿಂತ ಜನರ ಕೈಗೆ ಒಂದು ಅಂಕಿ ಮಾತ್ರ ಬಂದಾಗ, ಅದು ಹೇಗೆ ಹೊರಟಿತು ಎಂಬುದು ತಿಳಿಯದಿದ್ದರೆ ಸಂಶಯ ಮೂಡುವುದು ಸಹಜ. ದರ ನಮೂದಿಸುವ ಅವಧಿ ಎಷ್ಟಕ್ಕೆ ಮುಚ್ಚಿತು, ಎಷ್ಟಕ್ಕೆ ಫಲಿತಾಂಶ ಹೊರಬಿತ್ತು, ಪ್ರತಿ ಲಾಟಿಗೆ ಎಷ್ಟು ದರಗಳು ಬಂದಿದ್ದವು ಎಂಬುದನ್ನು ಯಂತ್ರವೇ ದಾಖಲಿಸಿ ಎಲ್ಲರಿಗೂ ಕಾಣುವಂತೆ ತೋರಿಸುವುದು ಕಷ್ಟದ ಕೆಲಸವಲ್ಲ. ಹವಾಮಾನ ಕೇಂದ್ರದ ಗಡುವಿಗೂ ಇದೇ ಮಾತು ಸಲ್ಲುತ್ತದೆ.

ಈ ವಿದ್ಯೆ ಕಲಿಯಲು ಸೂಪರ್ ಕಂಪ್ಯೂಟರ್ ಇರಲೇಬೇಕೆಂದಿಲ್ಲ. ಹಾವೇರಿ ಸಮೀಪದ ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ರಾಣೆಬೆನ್ನೂರಿನ ತರಳಬಾಳು ಜಗದ್ಗುರು ತಾಂತ್ರಿಕ ಕಾಲೇಜುಗಳಂಥ ಕಡೆ ಓದುವವರು ಕ್ರಾನ್, ಎಂಪಿಐ, ಸ್ಲರ್ಮ್ ಮೂರನ್ನೂ ಉಚಿತವಾಗಿ ಪಡೆದು ಸಾಧಾರಣ ಕಂಪ್ಯೂಟರಿನಲ್ಲೇ ಅಭ್ಯಾಸ ಮಾಡಬಹುದು. ಇಂದಿನ ಸಾಮಾನ್ಯ ಯಂತ್ರದಲ್ಲಿಯೂ ನಾಲ್ಕೆಂಟು ಸಂಸ್ಕಾರಕ ತಿರುಳುಗಳಿರುತ್ತವೆ. ಸೀಮಿತ ಪ್ರದೇಶದ ಹವಾಮಾನ ಲೆಕ್ಕ ಹಾಕುವ 'ಡಬ್ಲ್ಯುಆರ್‌ಎಫ್' ಎಂಬ ಮಾದರಿಯೂ ಮುಕ್ತವಾಗಿ ದೊರೆಯುತ್ತದೆ. ಮುಂದೆ ಹೆಚ್ಚಿನ ಅಧ್ಯಯನಕ್ಕೆ ಹೋದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ 3.3 ಪೆಟಾಫ್ಲಾಪ್ ಸಾಮರ್ಥ್ಯದ 'ಪರಮ್ ಪ್ರವೇಗ'ದಂಥ ಯಂತ್ರಗಳಲ್ಲಿ ಕಾಣುವುದೂ ಇದೇ ಸರದಿ, ಇದೇ ಗಡುವು, ಇದೇ ಶಿಸ್ತನ್ನು.

ಆರಂಭಿಸುವವರು ಒಂದು ಸಣ್ಣ ಲೆಕ್ಕವನ್ನು ನಾಲ್ಕು ಭಾಗ ಮಾಡಿ, ದಿನವೂ ಬೆಳಗಿನ ಐದೂವರೆಗೆ ಏಳುವಂತೆ ಪಟ್ಟಿಗೆ ಸೇರಿಸಿ, ಒಂದು ವಾರ ಅದರ ದಾಖಲೆಯನ್ನು ನೋಡಲಿ. ಏಳು ದಿನಗಳಲ್ಲಿ ಎಷ್ಟು ದಿನ ಕೆಲಸ ಹೊತ್ತಿಗೆ ಮುಗಿಯಿತು, ತಪ್ಪಿದ ದಿನ ಏಕೆ ತಪ್ಪಿತು ಎಂಬುದನ್ನು ಬರೆದಿಟ್ಟರೆ ಈ ವಿದ್ಯೆಯ ಅರ್ಧಭಾಗ ಕೈಗೆ ಬಂದಂತೆಯೇ ಸರಿ.